ಕಥೆಯ ಕಲ್ಲಿಗೂ ಹುಟ್ಟೂರು ಬೇಕು

ಥಾಣೆಯಿಂದ ಬೇಲಾಪುರಕ್ಕೆ ಹೊರಟರೆ ಎಡಕ್ಕೆ ಪಾರಸಿಕ್ ಗುಡ್ಡದ ಸಾಲು. ಕ್ವಾರಿಗಳು ಕೊರೆದ ಕಡೆಯೆಲ್ಲ ಅದರ ಕಪ್ಪು ಒಡಲು ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಅದು. ಡೊಂಬಿವಲಿ, ಕಲ್ಯಾಣದಲ್ಲಿ ಕೂತು ವಿಜ್ಞಾನ ಕಥೆ ಬರೆಯುವ ಹೊಸಬರು ಇಲ್ಲದ ಖನಿಜವೊಂದನ್ನು ಹುಟ್ಟಿಸುವ ಮೊದಲು ಈ ಕಲ್ಲನ್ನು ಕಣ್ತುಂಬ ನೋಡಬೇಕು.

ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಅವುಗಳೊಳಗೆ ಬಿಸಿನೀರು ಜಿನುಗಿ, ದಾರಿಯಲ್ಲಿ ಕರಗಿಸಿ ತಂದದ್ದನ್ನೆಲ್ಲ ಗೋಡೆಗೆ ಹರಳುಗಟ್ಟಿಸಿತು. ಮುಂಬೈಯ ಕಾಂದಿವಲಿ ಕ್ವಾರಿಯಲ್ಲಿ ದೊರೆತ ಓಕನೈಟ್ ನೋಡಲು ಹತ್ತಿಯ ಉಂಡೆ. ಬೆರಳು ತಾಗಿದರೆ ಸಾಕು, ಬಿಳಿ ಎಳೆಗಳು ಮುದುರಿ ಮತ್ತೆ ಏಳುವುದಿಲ್ಲ. ಪುಣೆ ಬಳಿಯ ವಾಘೋಲಿಯ ಕವನ್ಸೈಟಿಗೆ ದಟ್ಟ ನೀಲಿ ಕೊಟ್ಟಿದ್ದು ವನೇಡಿಯಂ. ಬಣ್ಣಕ್ಕೊಂದು ಕಾರಣ, ಆಕಾರಕ್ಕೊಂದು ಕಾರಣ. ಕಥೆಗಾರ ಹೆಚ್ಚಾಗಿ ಮರೆಯುವುದು ಇದನ್ನೇ. ಹೊಳೆಯುವ ಹಸಿರು ಕಲ್ಲು, ಅಪಾರ ಶಕ್ತಿ ಎಂದು ಬರೆದು ಮುಂದೆ ಹೋಗಿಬಿಡುತ್ತಾನೆ.

ನಮ್ಮ ಹಿರಿಯರು ಹಾಗೆ ಬಿಡಲಿಲ್ಲ. ಅವರ ಕಥೆಗಳಲ್ಲಿ ಕಲ್ಲಿಗೊಂದು ಷರತ್ತಿತ್ತು, ಒಂದು ಬೆಲೆಯಿತ್ತು. ಬೆಳದಿಂಗಳು ಬಿದ್ದಾಗಲಷ್ಟೇ ಚಂದ್ರಕಾಂತ ಶಿಲೆ ನೀರು ಒಸರುತ್ತದೆ. ಸ್ಯಮಂತಕ ಮಣಿ ದಿನಕ್ಕೆ ಎಂಟು ಭಾರ ಚಿನ್ನ ಕೊಟ್ಟರೂ ಅದನ್ನು ತೊಟ್ಟ ಪ್ರಸೇನನ ಪ್ರಾಣ ಹೋಯಿತು, ಕೃಷ್ಣನಿಗೆ ಕದ್ದ ಅಪವಾದ ಬಂತು.

ವಿವರ ಕೊಟ್ಟು ಕಟ್ಟಿದ ಕಲ್ಲು ಕೆಲವೊಮ್ಮೆ ನಿಜಕ್ಕೂ ಹತ್ತಿರವಾಗುತ್ತದೆ. 2006ರ ಸೂಪರ್‌ಮ್ಯಾನ್ ಚಿತ್ರದಲ್ಲಿ ಕ್ರಿಪ್ಟೋನೈಟ್ ಎಂಬ ಕಲ್ಪಿತ ಹಸಿರು ಖನಿಜದ ಪೆಟ್ಟಿಗೆಯ ಮೇಲೆ ಸೋಡಿಯಂ, ಲಿಥಿಯಂ, ಬೋರಾನ್, ಸಿಲಿಕೇಟ್, ಹೈಡ್ರಾಕ್ಸೈಡ್, ಫ್ಲೋರಿನ್ ಎಂದು ಬರೆದಿತ್ತು. ಸರ್ಬಿಯಾದ ಜಾಡರ್ ಕಣಿವೆಯಲ್ಲಿ 2004ರಲ್ಲೇ ಸಿಕ್ಕಿದ್ದ ಖನಿಜವೊಂದನ್ನು ಲಂಡನ್ನಿನಲ್ಲಿ ಪರೀಕ್ಷಿಸಿದಾಗ ಫ್ಲೋರಿನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೊಂದಿತು. ಬಣ್ಣ ಮಾತ್ರ ಬಿಳಿ. ಅದೇ ಜಾಡರೈಟ್.

ಪಾರಸಿಕ್‌ಗೂ ಒಂದು ಕಲ್ಲು ಕಟ್ಟೋಣ. ಬಸಾಲ್ಟಿನ ಇಂಥ ಪೊಳ್ಳುಗಳಲ್ಲೇ ಬೆಳೆಯುವ ಜಿಯೋಲೈಟ್ ಎಂಬ ಖನಿಜದ ಹರಳುಗಳು ತಮ್ಮ ಸೂಕ್ಷ್ಮ ರಂಧ್ರಗಳಲ್ಲಿ ನೀರು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬಿಟ್ಟುಕೊಡುತ್ತವೆ; ಇದು ನಿಜ. ನಮ್ಮ ಕಲ್ಲು ಇನ್ನೊಂದು ಹೆಜ್ಜೆ ಮುಂದೆ: ಮಳೆಗಾಲದ ತೇವ ಹೀರಿ ಏಪ್ರಿಲ್ ಬಿಸಿಲಿಗೆ ಕುಡಿಯುವ ನೀರು ಕೊಡುತ್ತದೆ. ಆದರೆ ಒಡೆದರೆ ಆ ಗುಣ ಹೋಗುತ್ತದೆ, ಆದ್ದರಿಂದ ಸಿಡಿಮದ್ದು ಇಡುವಂತಿಲ್ಲ, ಉಳಿಯಿಂದಲೇ ಬಿಡಿಸಬೇಕು. ಆ ಕೈಚಳಕ ಬಲ್ಲವರು ಕ್ವಾರಿಯ ಒಡ್ಡರು. ಇನ್ನು ಕಥೆಗಾರ ಉತ್ತರಿಸಬೇಕಾದ ಪ್ರಶ್ನೆಗಳು: ಗುಡ್ಡ ಯಾರದು? ನೀರು ಮೊದಲು ಹೋಗುವುದು ಗುಡ್ಡದ ಮೇಲಿನ ಜೋಪಡಿಗೋ, ಕೆಳಗಿನ ಕಾರ್ಖಾನೆಗೋ? ಉಳಿ ಹಿಡಿದವನ ಕೂಲಿ ಎಷ್ಟು?