ಬರೆಯುವವರಿಗೆ ಬೇಕಾದ ಬಿಡುವು

ಬರವಣಿಗೆ ನಿಂತುಹೋದವರನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಪುರುಸೊತ್ತಿಲ್ಲ. ಆದರೂ ಬಸ್ಸಿಗೆ ಕಾಯುವ ಹತ್ತು ನಿಮಿಷ, ಕುಕ್ಕರ್ ಕೂಗುವ ತನಕದ ಕಾಲು ಗಂಟೆ ಎಂದು ಚೂರುಪಾರು ಹೊತ್ತು ಬಹುತೇಕರ ಬಳಿ ಇರುತ್ತದೆ. ಎಲ್ಲ ಕೂಡಿಸಿದರೆ ದಿನಕ್ಕೆ ಎರಡು ಗಂಟೆಯೇ ಆದೀತು, ಆದರೆ ಅದರಲ್ಲಿ ಕಥೆ ಹುಟ್ಟುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಸುಳಿವಿದೆ. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದು, ಮುಂದಿನದು ಸೊರಗುತ್ತದೆ. ಅವರು ನೋಡಿದ್ದು ಕಚೇರಿ ಮಾದರಿಯ ಕೆಲಸಗಳನ್ನು. ಕಾದಂಬರಿಗಾದರೆ ನಷ್ಟ ಇನ್ನೂ ದೊಡ್ಡದಿರಬೇಕು. ಯಾವ ಪಾತ್ರ ಎಲ್ಲಿ ನಿಂತಿದೆ, ಯಾರ ಮೇಲೆ ಮುನಿಸಿಕೊಂಡಿದೆ, ಯಾವ ಮಾತನ್ನು ನುಂಗಿಕೊಂಡಿದೆ ಎಂಬುದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡೇ ಮುಂದಿನ ವಾಕ್ಯಕ್ಕೆ ಕೈಹಾಕಬೇಕು. ಫೋನು ರಿಂಗಾದರೆ ಆ ಹೊರೆ ಕೆಳಗಿಳಿಯುತ್ತದೆ.

ಹಾಗಾದರೆ ನೌಕರಿ ಬಿಡಬೇಕೇ? ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಬಂದದ್ದು 1936ರಲ್ಲಿ, ಎರಡನೆಯ ಕಾದಂಬರಿ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ ಸ್ಥಾನದಿಂದ ನಿವೃತ್ತರಾದ ಮೇಲೆ. ಇಷ್ಟನ್ನೇ ಹಿಡಿದು ಹುದ್ದೆಯನ್ನು ದೂರುವುದು ಸುಲಭ. ಆದರೆ 'ಶ್ರೀ ರಾಮಾಯಣ ದರ್ಶನಂ' ಬೆಳೆದದ್ದು ಅವರು ಪಾಠ ಹೇಳುತ್ತಿದ್ದ ವರ್ಷಗಳಲ್ಲೇ. ಮುಂಬೈಯಲ್ಲಿ ಉದ್ಯಮದ ನೌಕರಿಯಲ್ಲಿದ್ದುಕೊಂಡೇ ಯಶವಂತ ಚಿತ್ತಾಲರು 'ಶಿಕಾರಿ' ಬರೆದರು. ಪ್ರಾಗ್ ನಗರದ ವಿಮಾ ಕಚೇರಿಯಲ್ಲಿದ್ದ ಕಾಫ್ಕಾ 1912ರ ಸೆಪ್ಟೆಂಬರಿನ ಒಂದು ರಾತ್ರಿ ಹತ್ತಕ್ಕೆ ಕುಳಿತು, ಬೆಳಗ್ಗೆ ಆರಕ್ಕೆ ಒಂದಿಡೀ ಕಥೆ ಮುಗಿಸಿ ಎದ್ದ. ಸಂಬಳದ ಕೆಲಸ ಬರಹವನ್ನು ಕೊಲ್ಲಲೇಬೇಕೆಂದಿಲ್ಲ. ಅದರಾಚೆ ಬೇರೆ ಯಾರಿಗೂ ಹಕ್ಕಿಲ್ಲದ ಒಂದಿಷ್ಟು ಹೊತ್ತು ಉಳಿದಿದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ.

ಈ ಮಾತಿಗೆ ಬಲವಾದ ಆಕ್ಷೇಪವೊಂದಿದೆ: ಮೇಲೆ ಹೆಸರಿಸಿದ ಬರಹಗಾರರೆಲ್ಲ ಗಂಡಸರು. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆಂಗ್ಲ ಕಾದಂಬರಿಕಾರ ಟ್ರೊಲೋಪ್ ಬೆಳಗಿನ ಐದೂವರೆಗೇ ಬರೆಯಲು ಕೂರುತ್ತಿದ್ದನೆಂದು ಹೊಗಳುವವರು, ಅವನನ್ನು ಎಬ್ಬಿಸಿ ಕಾಫಿ ಕೊಡಲು ಸಂಬಳದ ಆಳೊಬ್ಬನಿದ್ದ ಎಂಬುದನ್ನು ಮರೆಯುತ್ತಾರೆ. ವರ್ಜೀನಿಯಾ ವೂಲ್ಫ್ 1929ರಲ್ಲಿ ಬರೆಯುವ ಹೆಂಗಸಿಗೆ ವರ್ಷಕ್ಕೆ 500 ಪೌಂಡ್ ವರಮಾನದ ಜೊತೆ ಬೀಗವಿರುವ ಕೋಣೆಯನ್ನೂ ಕೇಳಿದ್ದು ಸುಮ್ಮನೆ ಅಲ್ಲ. ಅಮೆರಿಕದ ಮ್ಯಾಕ್‌ಡೊವೆಲ್ ಕಲಾವಿದರ ನೆಲೆ 1907ರಿಂದ ಇದೆ. ಅಲ್ಲಿ ಮಧ್ಯಾಹ್ನದ ಬುತ್ತಿಯನ್ನು ಬಾಗಿಲ ಬಳಿ ಇಟ್ಟು ಸದ್ದಿಲ್ಲದೆ ಹೋಗುತ್ತಾರೆ. ಊಟ ಆಯ್ತಾ ಎಂದು ಕೇಳುವುದೇ ಪ್ರೀತಿಯಾಗಿರುವ ನಮ್ಮ ಮನೆಗಳಲ್ಲಿ ಇದು ಒರಟೆನಿಸಬಹುದು. ಆದರೆ ಆ ಪ್ರಶ್ನೆಗೂ ಉತ್ತರಿಸಬೇಕಿಲ್ಲದ ಎರಡು ಗಂಟೆಗಳನ್ನು ಮನೆಯವರೇ ಬಿಟ್ಟುಕೊಡಬೇಕು. ವಾರಕ್ಕೆರಡು ಬೆಳಗ್ಗೆ ಹಾಲಿನವನಿಗೂ ಕಾಲಿಂಗ್ ಬೆಲ್ಲಿಗೂ ಇನ್ನೊಬ್ಬರು ಓಗೊಟ್ಟರೆ ಶುರುವಿಗೆ ಸಾಕು.

ಗಡುವಿನ ಒತ್ತಡವಿದ್ದರೇ ಬರವಣಿಗೆ ಸಾಗುತ್ತದೆ ಎನ್ನುವವರೂ ಇದ್ದಾರೆ. ವಾರಪತ್ರಿಕೆಗೆ ಧಾರಾವಾಹಿ ಬರೆಯುವವರ ಮಟ್ಟಿಗೆ ಅದು ನಿಜವೇ. ಆದರೆ ಅಲ್ಲಿ ಕಥೆ ಆಗಲೇ ಹೊರಟಿರುತ್ತದೆ, ಗಡುವು ಅದನ್ನು ಮುಂದಕ್ಕೆ ತಳ್ಳುತ್ತದೆ. ನಿಂತುಹೋದವರು ಮತ್ತೆ ಕೂತಾಗ ಮೊದಲ ಕೆಲವು ವಾರ ಬರೆದು ಹೊಡೆದುಹಾಕುವುದೇ ಹೆಚ್ಚು. ಅಷ್ಟರಲ್ಲೇ ಎಷ್ಟು ಪುಟ ಆಯ್ತು ಎಂದು ಲೆಕ್ಕ ಕೇಳಿದರೆ, ಅವರು ಹಳೆಯ ಧಾಟಿಯನ್ನೇ ಬರೆದು ತೋರಿಸಿಬಿಡುತ್ತಾರೆ.