ವಾಲಿದರೆ ತಿರುಗುವ ಗಾಲಿ

ಕ್ವಾಡ್ ಸ್ಕೇಟಿನ ಬೂಟಿನ ಅಡಿ ನೋಡ್ರಿ. ಮುಂದ ಎರಡು ಗಾಲಿ, ಹಿಂದ ಎರಡು, ತುದಿಗೊಂದು ರಬ್ಬರ್ ಸ್ಟಾಪರ್. ಅಚ್ಚಿನ ಹತ್ರ ಸಣ್ಣ ರಬ್ಬರ್ ಕುಶನ್ ಐತಿ. ಬೂಟು ಹಾಕ್ಕೊಂಡ ಹುಡುಗಿ ಒಂದು ಕಡೆ ಮೈ ವಾಲಿಸಿದ್ರ ಕುಶನ್ ಅದುಮಿಕೊಳ್ತೈತಿ, ಅಚ್ಚು ತಿರುಗ್ತೈತಿ, ಸ್ಕೇಟು ಬಾಗಿ ಹೋಗ್ತೈತಿ. ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ನಿಂತಿರೋದೇ ಈ ವಾಲಿಕೆ ಮ್ಯಾಲ.

ಬೆಳಗಾವಿಗೆ ಗಾಲಿ ಹೊಸದಲ್ಲ. ಇಲ್ಲಿನ ರೋಹನ್ ಕೋಕಣೆ 2011ರಾಗ ಸಾಲು ಕಾರುಗಳ ಅಡಿ 38.68 ಮೀಟರ್ ನುಸುಳಿ, ಲಿಂಬೊ ಸ್ಕೇಟಿಂಗ್‌ನಾಗ ಗಿನ್ನೆಸ್ ದಾಖಲೆ ಮಾಡಿದ್ರು. ಆರ್ಟಿಸ್ಟಿಕ್ ಅಂದ್ರ ಬ್ಯಾರೇನ ಲೋಕ. ಯಾರು ಮೊದಲು ಗುರಿ ಮುಟ್ಟಿದ್ರು ಅನ್ನೋ ಲೆಕ್ಕ ಇಲ್ಲಿಲ್ಲ.

ಫಿಗರ್ಸ್ ವಿಭಾಗದಾಗ ನೆಲದ ಮ್ಯಾಲ 6 ಮೀಟರ್ ಅಗಲದ ವೃತ್ತ ಬರೆದಿರ್ತಾರ. ಒಂಟಿಕಾಲಾಗ, ಆ ಗೆರಿ ಬಿಡದಂಗ ಸುತ್ತಬೇಕು. ನೋಡೋರಿಗೆ ಸಪ್ಪಗ ಅನಿಸಬಹುದು. ನನಗಂತೂ ಇಡೀ ಆಟದಾಗ ಇದೇ ಕಠಿಣ.

ಫ್ರೀ ಸ್ಕೇಟಿಂಗ್‌ನಾಗ ಸಂಗೀತ, ಜಿಗಿತ, ಗಿರಕಿ. ಆ್ಯಕ್ಸೆಲ್ ಅನ್ನೋ ಜಿಗಿತ ನಿಧಾನಕ್ಕ ನೋಡ್ರಿ: ಹುಡುಗಿ ಮುಂದ ನೋಡ್ಕೋತ ಹಾರ್ತಾಳ, ಗಾಳ್ಯಾಗ ಒಂದೂವರಿ ಸುತ್ತು, ಇಳಿಯೋದು ಹಿಮ್ಮುಖ, ಅದೂ ಒಂದೇ ಕಾಲ ಮ್ಯಾಲ.

2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಾಗ ಭಾರತದ ಅನೂಪ್ ಕುಮಾರ್ ಯಾಮಾ ಫ್ರೀ ಸ್ಕೇಟಿಂಗ್‌ನಾಗ ಕಂಚು ಗೆದ್ರು. ಅವನಿ ಪಾಂಚಾಲ್ ಜೋಡಿ ಪೇರ್ಸ್‌ನಾಗೂ ಕಂಚು.

ಈ ಆಟಕ್ಕ ಒಣ, ನುಣುಪು ನೆಲ ಬೇಕೇ ಬೇಕು. ಬೆಳಗಾವಿ ಜಿಲ್ಲಾದ ಖಾನಾಪುರ, ಬೀಡಿ ಕಡೆ ಮಳಿ ಹಿಡೀತಂದ್ರ ತಿಂಗಳುಗಟ್ಟಲೆ ಬಿಡಂಗಿಲ್ಲ. ಒದ್ದಿ ನೆಲದಾಗ ಗಾಲಿ ಜಾರ್ತಾವ, ಬೇರಿಂಗ್ ತುಕ್ಕು ಹಿಡೀತಾವ. ಅದಕ್ಕ ಸೂರಿರೋ ರಿಂಕ್ ಊರ ಹತ್ರನ ಬೇಕು, ಕೇಳ್ರಿ, ಜೋರಾಗಿ ಕೇಳ್ರಿ. ಮಗುವಿಗೆ ಮೊದಲ ಜೋಡಿ ಕೊಡಸೋರು ಎರಡು ಸಾಲು ಗಾಲಿಯ ಕ್ವಾಡ್ ತಗೋರಿ, ಜೊತಿಗೆ ಹೆಲ್ಮೆಟ್ಟು, ಮೊಣಕಾಲು ಪ್ಯಾಡು.