ಕಾಪಾಡಲು ಹೋದವರನ್ನು ಕಾಪಾಡುವುದು ಹೇಗೆ?

ಗುಂಡ್ಲುಪೇಟೆ ಮೂರು ರಾಜ್ಯಗಳ ವಾಹನ ಹಾದುಹೋಗುವ ಊರು. ಮೈಸೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿಂದ ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿಗೆ ಹೋಗುತ್ತದೆ. ಹೆದ್ದಾರಿ 181 ಇಲ್ಲೇ ಕವಲೊಡೆದು ಬಂಡೀಪುರದ ಮೂಲಕ ಊಟಿಯ ಕಡೆ ಹೊರಳುತ್ತದೆ. ಅತ್ತ ಚಾಮರಾಜನಗರದಿಂದ ಹೆದ್ದಾರಿ 948 ಪುಣಜನೂರು, ಆಸನೂರು ಹಾದು, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರುತ್ತದೆ. ತರಕಾರಿ ಲಾರಿ, ಕಬ್ಬಿನ ಲಾರಿ, ಕರಿಕಲ್ಲಿನ ಟಿಪ್ಪರ್, ಪ್ರವಾಸಿಗರ ಕಾರು ಎಲ್ಲಕ್ಕೂ ಇವೇ ದಾರಿ.

ಇಲ್ಲಿ ಅಪಘಾತವಾದರೆ ಮೊದಲು ಓಡಿಬರುವವರು ಪಕ್ಕದ ಹೊಲದವರು, ಟೀ ಅಂಗಡಿಯವರು, ಆಟೊದವರು. ಆಮೇಲೆ ಪೊಲೀಸರು, 108 ಸಿಬ್ಬಂದಿ, ಅಗ್ನಿಶಾಮಕ ದಳ, ಕಾಡಿನ ಭಾಗವಾದರೆ ಅರಣ್ಯ ಸಿಬ್ಬಂದಿ, ಕೊನೆಗೆ ಕ್ರೇನಿನವರು. ಇವರೆಲ್ಲ ಕೆಲಸ ಮಾಡುವುದು ವಾಹನ ಓಡಾಡುತ್ತಲೇ ಇರುವ ರಸ್ತೆಯ ಮೇಲೆ. ಅಲ್ಲಿ ಎರಡನೇ ಅಪಘಾತವಾದರೆ ಅದನ್ನು ಹಣೆಬರಹ ಎಂದು ಕೈಬಿಡಬೇಕಾಗಿಲ್ಲ. ಅದನ್ನು ತಡೆಯುವ ಕ್ರಮಗಳಿವೆ, ಅವನ್ನು ಕಲಿಸಬಹುದು. ಅದಕ್ಕೆ ಮೊದಲು ಕೆಲವು ನಂಬಿಕೆಗಳನ್ನು ಬಿಡಬೇಕು.

ನಂಬಿಕೆ: ಅಪಘಾತ ಆಗಿಹೋಯಿತು, ಇನ್ನು ಓಡಿಹೋಗಿ ಗಾಯಾಳುವನ್ನು ಎತ್ತುವುದೇ ಮೊದಲ ಕೆಲಸ.

ಸತ್ಯ: ಮೊದಲ ಕೆಲಸ, ಬರುತ್ತಿರುವ ವಾಹನಗಳನ್ನು ಎಚ್ಚರಿಸುವುದು. 2023ರ ಜುಲೈ 20ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯ ಮೇಲೆ ಜೀಪೊಂದು ಡಂಪರ್‌ಗೆ ಗುದ್ದಿತು. ಪೊಲೀಸರು ಬಂದರು, ಜನ ಸೇರಿದರು. ಅತಿವೇಗದಲ್ಲಿ ಬಂದ ಇನ್ನೊಂದು ಕಾರು ಆ ಗುಂಪಿನ ಮೇಲೇ ನುಗ್ಗಿತು. ಸತ್ತ ಒಂಬತ್ತು ಮಂದಿಯಲ್ಲಿ ಕರ್ತವ್ಯದಲ್ಲಿದ್ದ ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಗೃಹರಕ್ಷಕ ಸಿಬ್ಬಂದಿಯೂ ಇದ್ದರು. ಅಂಥ ಚಾಲಕನ ತಪ್ಪಿಗೆ ಕಾನೂನು ಶಿಕ್ಷೆ ಕೊಡಬೇಕು, ನಿಜ. ಆದರೆ ಅಂಥವನೂ ಬರಬಹುದು ಎಂದುಕೊಂಡೇ ಸ್ಥಳವನ್ನು ಕಾಯಬೇಕು. ಇಬ್ಬರೇ ಇದ್ದರೂ ಸರಿ, ಒಬ್ಬರು ಗಾಯಾಳುವಿನ ಹತ್ತಿರ ಹೋಗಲಿ, ಇನ್ನೊಬ್ಬರು ರಸ್ತೆ ಕಾಯಲಿ. ಕೆಲಸವಿಲ್ಲದವರೆಲ್ಲ ಡಾಂಬರು ಬಿಟ್ಟು ಕೆಳಗೆ ಇಳಿಯಲಿ.

ನಂಬಿಕೆ: ನಾಲ್ಕು ಕಲ್ಲು, ಒಂದು ಹಿಡಿ ಸೊಪ್ಪು ಇಟ್ಟರೆ ಸಾಕು.

ಸತ್ಯ: ರಸ್ತೆಯಲ್ಲಿ ಸೊಪ್ಪು ಕಂಡರೆ ಮುಂದೆ ಏನೋ ಆಗಿದೆ ಎಂದು ನಮ್ಮ ಚಾಲಕರಿಗೆ ಗೊತ್ತಾಗುತ್ತದೆ. ಹಗಲಲ್ಲಿ ಅದರಿಂದ ಉಪಯೋಗವೂ ಇದೆ. ಆದರೆ ಕತ್ತಲಲ್ಲಿ ಹಸಿರು ಸೊಪ್ಪು ಕಾಣುವುದಿಲ್ಲ. ಕಲ್ಲುಗಳಂತೂ ಎಲ್ಲ ಮುಗಿದ ಮೇಲೆ ಅಲ್ಲೇ ಉಳಿದು ಬೈಕ್ ಸವಾರರನ್ನು ಕೆಡವುತ್ತವೆ.

ಅದಕ್ಕಿಂತ ದೊಡ್ಡ ತಪ್ಪು ಆಗುವುದು ದೂರದ ಲೆಕ್ಕದಲ್ಲಿ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಚಾಲಕ ಕಂಡು, ತಿಳಿದು, ಬ್ರೇಕ್ ಒತ್ತಲು ಎರಡು ಸೆಕೆಂಡು ಹಿಡಿದರೆ 44 ಮೀಟರ್ ಅಲ್ಲಿಗೇ ಹೋಯಿತು. ಬ್ರೇಕ್ ಚೆನ್ನಾಗಿರುವ ಕಾರು ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 35 ಮೀಟರ್ ಬೇಕು. ಒಟ್ಟು 80 ಮೀಟರಿನ ಆಸುಪಾಸು. ಮಳೆ ಬಿದ್ದ ರಸ್ತೆಯಲ್ಲಿ ಟೊಮೆಟೊ ತುಂಬಿದ ಲಾರಿಗೆ ನೂರು ಮೀಟರೂ ಸಾಲದು. ಹತ್ತು ಮಾರು ದೂರದಲ್ಲಿ ಇಟ್ಟ ಗುರುತು ಚಾಲಕನಿಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ.

ಕಾರಿನ ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಕಡಿಮೆಯೆಂದರೂ 150 ಹೆಜ್ಜೆ ಹಿಂದಕ್ಕೆ ಒಯ್ದು ಇಡಿ. ಒಯ್ಯುವಾಗ ಅದನ್ನು ಎದೆಯ ಮುಂದೆ ಹಿಡಿದು, ಬರುವ ವಾಹನಗಳಿಗೆ ಮುಖ ಮಾಡಿ ರಸ್ತೆಯ ಅಂಚಿನಲ್ಲೇ ನಡೆಯಿರಿ. ಅಪಘಾತ ತಿರುವಿನಾಚೆ ಆಗಿದ್ದರೆ ಗುರುತು ತಿರುವಿಗೆ ಮುಂಚೆಯೇ ಸಿಗಬೇಕು. ದಿಬ್ಬದಾಚೆ ಆಗಿದ್ದರೆ ದಿಬ್ಬ ಏರುವ ಮೊದಲೇ ಕಾಣಬೇಕು. ನಡುವೆ ವಿಭಜಕ ಇಲ್ಲದ ರಸ್ತೆಯಾದರೆ ಎರಡೂ ದಿಕ್ಕಿಗೆ ಇದೇ ಲೆಕ್ಕ.

ನಂಬಿಕೆ: ಕೆಂಪು-ನೀಲಿ ದೀಪ ಮಿನುಗುತ್ತಿದ್ದರೆ ಎಲ್ಲರಿಗೂ ಎಲ್ಲ ಕಾಣುತ್ತದೆ.

ಸತ್ಯ: ದೀಪ ಕಾಣುತ್ತದೆ, ದೀಪದ ಪಕ್ಕದಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ. ರಾತ್ರಿ ಎದುರಿನಿಂದ ಬರುವವನ ಕಣ್ಣಿಗೆ ಹೆಡ್‌ಲೈಟ್ ಹೊಡೆಯುತ್ತಿದ್ದರೆ ಅದರ ಹಿಂದಿರುವ ಖಾಕಿ ಬಟ್ಟೆ ಕತ್ತಲಲ್ಲಿ ಕರಗಿಹೋಗುತ್ತದೆ. ಆದ್ದರಿಂದ ನಿಂತ ವಾಹನದ ಹೆಡ್‌ಲೈಟ್ ಎದುರು ಬರುವವರ ಕಡೆಗಿದ್ದರೆ ಆರಿಸಬೇಕು. ನಾಲ್ಕೂ ಇಂಡಿಕೇಟರ್ ಉರಿಯುತ್ತಿರಲಿ. ಐದಾರು ವಾಹನ ಸೇರಿದ ಮೇಲೆ ಎಲ್ಲದರ ದೀಪವೂ ಮಿನುಗಬೇಕಿಲ್ಲ. ಹಿಂದೆ, ವಾಹನಗಳು ಬರುವ ಕಡೆ ಅಡ್ಡ ನಿಂತ ವಾಹನದ್ದು ಸಾಕು.

ರಸ್ತೆಯಲ್ಲಿ ನಿಲ್ಲುವವರು ತೊಡುವ ಜಾಕೆಟ್ಟಿನಲ್ಲೂ ಎರಡು ಗುಣ ಇರಬೇಕು. ಅದರ ಹಳದಿ-ಹಸಿರು ಬಣ್ಣ ಎದ್ದುಕಾಣುವುದು ಹಗಲಿನಲ್ಲಿ ಮಾತ್ರ. ರಾತ್ರಿ ಕಾಯುವುದು ಅದರ ಮೇಲಿನ ಬೂದುಬಣ್ಣದ ಪ್ರತಿಫಲನ ಪಟ್ಟಿ. ಅದು ಮಣ್ಣು ಹತ್ತಿ ಮಾಸಿದ್ದರೆ, ಒಗೆದೊಗೆದು ಸವೆದಿದ್ದರೆ, ಜಾಕೆಟ್ ತೊಟ್ಟೂ ತೊಡದಂತೆಯೇ.

ನಂಬಿಕೆ: ಬಂದ ವಾಹನ ಗಾಯಾಳುವಿನ ಪಕ್ಕದಲ್ಲೇ ನಿಂತರೆ ಒಳ್ಳೆಯದು.

ಸತ್ಯ: ವಾಹನ ಎಲ್ಲಿ, ಹೇಗೆ ನಿಲ್ಲುತ್ತದೆ ಎನ್ನುವುದರ ಮೇಲೆ ಜೀವಗಳು ನಿಂತಿವೆ. ತರಬೇತಿಯ ತಿರುಳೇ ಇದು.

ಬೇಗೂರಿನ ಹತ್ತಿರ ಕಾರೊಂದು ಮಗುಚಿದೆ ಎಂದುಕೊಳ್ಳಿ. ಮೊದಲು ಬಂದ ಪೊಲೀಸ್ ಜೀಪು ಕಾರಿಗಿಂತ ಹಿಂದೆ, ಎಂದರೆ ವಾಹನಗಳು ಬರುವ ಕಡೆಯಲ್ಲಿ ನಿಲ್ಲಬೇಕು. ಕಾರಿಗೆ ಅಂಟಿಕೊಂಡಲ್ಲ, ಒಂದು ಲಾರಿಯುದ್ದಕ್ಕಿಂತ ಹೆಚ್ಚು ಜಾಗ ಬಿಟ್ಟು, ಸ್ವಲ್ಪ ಓರೆಯಾಗಿ. ಮುಂದಿನ ಚಕ್ರಗಳನ್ನು ಜನ ಇರುವ ಕಡೆಯಿಂದ ಆಚೆಗೆ ತಿರುಗಿಸಿರಬೇಕು. ಆಗ ಹಿಂದಿನಿಂದ ಯಾವುದಾದರೂ ವಾಹನ ಗುದ್ದಿದರೂ ಜೀಪು ಕೆಲಸ ಮಾಡುತ್ತಿರುವವರ ಮೇಲೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ. ಆ ಜೀಪಿನೊಳಗೆ ಯಾರೂ ಕೂರಬಾರದು. ನೀರು ತುಂಬಿದ ಅಗ್ನಿಶಾಮಕ ವಾಹನ ಬಂದರೆ ಆ ಜಾಗ ಅದಕ್ಕೆ ಬಿಡಬೇಕು. ಅಷ್ಟು ಭಾರದ ತಡೆ ಬೇರೆ ಸಿಗದು.

ಆಂಬುಲೆನ್ಸ್ ಮಾತ್ರ ಇದಕ್ಕೆ ವಿರುದ್ಧ. ಅದು ಅಪಘಾತದ ಜಾಗ ದಾಟಿ ಮುಂದೆ ನಿಲ್ಲಬೇಕು, ಜೀಪಿನ ಮರೆ ಸಿಗುವಂತೆ. ಸ್ಟ್ರೆಚರ್ ಏರಿಸುವಾಗ ಹಿಂಬಾಗಿಲ ಬಳಿ ನಾಲ್ಕು ಜನ ಬಗ್ಗಿ ನಿಂತಿರುತ್ತಾರೆ, ಯಾರ ಕಣ್ಣೂ ರಸ್ತೆಯ ಮೇಲಿರುವುದಿಲ್ಲ. ಅಷ್ಟು ಹೊತ್ತು ಎರಡೂ ಕಡೆಯ ವಾಹನ ನಿಲ್ಲಿಸಿದರೆ ತಪ್ಪಿಲ್ಲ.

ನಂಬಿಕೆ: ಬಂಡೀಪುರದಲ್ಲಿ ರಾತ್ರಿ ಸಂಚಾರ ಇಲ್ಲ, ಅಲ್ಲಿ ಭಯವಿಲ್ಲ.

ಸತ್ಯ: ರಾತ್ರಿ 9ರಿಂದ ಬೆಳಿಗ್ಗೆ 6ರ ತನಕದ ನಿರ್ಬಂಧ 2009ರಿಂದ ಇದೆ, ವನ್ಯಜೀವಿಗಳಿಗೆ ಅದು ಬೇಕೇ ಬೇಕು. ಆದರೆ ಗೇಟು ಹಾಕುವ ಮೊದಲು ದಾಟಿಬಿಡಬೇಕೆಂಬ ಧಾವಂತ ಸಂಜೆಯಲ್ಲಿರುತ್ತದೆ. ಬೆಳಿಗ್ಗೆ ಗೇಟು ತೆಗೆದೊಡನೆ ಸಾಲುಗಟ್ಟಿದ ಲಾರಿಗಳು ಮಂಜಿನಲ್ಲೇ ಹೊರಡುತ್ತವೆ. ನಿರ್ಬಂಧದ ಹೊತ್ತಲ್ಲೂ ಆಂಬುಲೆನ್ಸ್ ಮತ್ತು ಕೆಲವು ಸರ್ಕಾರಿ ಬಸ್ಸುಗಳಿಗೆ ಅವಕಾಶವಿದೆ. ಬೀದಿದೀಪವಿಲ್ಲದ ಆ ರಸ್ತೆಯಲ್ಲಿ ಆನೆಯ ಭಯ ಬೇರೆ. ಗಾಯಾಳುವಿನ ಮೇಲೆ ಬಗ್ಗಿದವರಿಗೆ ಬೆನ್ನ ಹಿಂದಿನ ಪೊದೆ ಕಾಣದು. ಕಾಡಿನಂಚನ್ನೇ ನೋಡುತ್ತಿರಲು ಒಬ್ಬರನ್ನು ನಿಲ್ಲಿಸಬೇಕು, ಸೈರನ್ ಕೂಗಿಸುವ ಮೊದಲು ಅರಣ್ಯ ಸಿಬ್ಬಂದಿಯ ಮಾತು ಕೇಳಬೇಕು.

ನಂಬಿಕೆ: ಮಹಜರು ಆಗುವ ತನಕ ಗಾಡಿ ಕದಲಿಸಬಾರದು.

ಸತ್ಯ: ಯಾರಿಗೂ ಪೆಟ್ಟಾಗದ ಸಣ್ಣ ಡಿಕ್ಕಿಯಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಗಾಡಿಗಳನ್ನು ಪಕ್ಕಕ್ಕೆ ಸರಿಸುವುದೇ ಸರಿ. ನಡುರಸ್ತೆಯಲ್ಲಿ ನಿಂತು ಜಗಳಕ್ಕೆ ಇಳಿದರೆ ಮುಂದಿನ ಅಪಘಾತಕ್ಕೆ ದಾರಿ ಮಾಡಿದಂತೆ. ಪ್ರಾಣ ಹೋಗಿದ್ದರೆ, ತೀವ್ರ ಗಾಯವಾಗಿದ್ದರೆ ಆ ತೀರ್ಮಾನ ಪೊಲೀಸರದು. ಅವರೂ ಚಕ್ರದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಚಿತ್ರ ತೆಗೆದು, ರಸ್ತೆ ಬೇಗ ತೆರವು ಮಾಡಬಹುದು. ಅಪಘಾತದ ವಿವರವನ್ನು ಸ್ಥಳದಿಂದಲೇ ಮೊಬೈಲಿನಲ್ಲಿ ದಾಖಲಿಸುವ ಕೇಂದ್ರದ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಮೊದಲು ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ನಂಬಿಕೆ: ಟ್ಯಾಂಕರ್ ಮಗುಚಿದರೂ ಬೆಂಕಿ ಹತ್ತದಿದ್ದರೆ ಹತ್ತಿರ ಹೋಗಬಹುದು.

ಸತ್ಯ: 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿದಾಗ ಸೋರಿದ ಅನಿಲ ಹೊತ್ತಿಕೊಂಡು ರಸ್ತೆಬದಿಯ ಮನೆಗಳವರೂ ಬಲಿಯಾದರು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕಂಟಿ ತಗ್ಗಿನ ಕಡೆ ಹರಿಯುತ್ತದೆ. ಗಾಳಿ ಬೀಸಿ ಬರುವ ಕಡೆಗೆ, ಎತ್ತರದ ಜಾಗಕ್ಕೆ, ದೂರ ಸರಿಯಿರಿ. ಟ್ಯಾಂಕರಿನ ಮೇಲಿನ ಫಲಕದ ಅಂಕಿಯನ್ನು ದೂರದಿಂದಲೇ ಓದಿ 112ಕ್ಕೆ ಹೇಳಿ: 1203 ಎಂದರೆ ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಅನಿಲ. ಬರುವ ಅಗ್ನಿಶಾಮಕ ದಳಕ್ಕೆ ಆ ನಾಲ್ಕು ಅಂಕಿ ದೊಡ್ಡ ಮಾಹಿತಿ.

ನಂಬಿಕೆ: ತರಬೇತಿ ಎಂದರೆ ಪ್ರಥಮ ಚಿಕಿತ್ಸೆ, ಅದು ಸಿಬ್ಬಂದಿಗೆ ಮಾತ್ರ.

ಸತ್ಯ: ರಕ್ತ ನಿಲ್ಲಿಸುವುದನ್ನು ಕಲಿತವರು ರಸ್ತೆಯಲ್ಲಿ ನಿಲ್ಲುವುದನ್ನೂ ಕಲಿಯಬೇಕು, ಅದೂ ಎಲ್ಲರೂ ಒಟ್ಟಿಗೆ. ಅಮೆರಿಕದ ಹೆದ್ದಾರಿ ಇಲಾಖೆ 2012ರಲ್ಲಿ ಆರಂಭಿಸಿದ ತರಬೇತಿಯಲ್ಲಿ ಪೊಲೀಸರು, ಅಗ್ನಿಶಾಮಕ ದಳ, ಆಂಬುಲೆನ್ಸ್, ವಾಹನ ಎಳೆಯುವವರು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ಅದು ಸುಮಾರು ನಾಲ್ಕು ಗಂಟೆಯ ಪಾಠ. ಒಬ್ಬರ ಜೀಪು ಎಲ್ಲಿ ನಿಲ್ಲುತ್ತದೆ ಎಂದು ಇನ್ನೊಬ್ಬರಿಗೆ ಮೊದಲೇ ಗೊತ್ತಿದ್ದರೆ ಸ್ಥಳದಲ್ಲಿ ವಾದಕ್ಕೆ ಅವಕಾಶವಿರದು.

ನಮ್ಮಲ್ಲಿ ಆ ಕೋಣೆಗೆ ಅರಣ್ಯ ಸಿಬ್ಬಂದಿಯೂ ಬರಬೇಕು, ಹೆದ್ದಾರಿ ಬದಿಯ ಹೋಟೆಲಿನವರೂ ಆಟೊದವರೂ ಬರಬೇಕು. ನೆರವಾದವರಿಗೆ ಪೊಲೀಸ್-ಕೋರ್ಟಿನ ಅಲೆದಾಟ ತಪ್ಪದು ಎಂಬ ಅಂಜಿಕೆ ಇನ್ನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕಾನೂನು ಅವರನ್ನು ಮೊಕದ್ದಮೆಯಿಂದ ಕಾಯುತ್ತದೆ, ವೇಗವಾಗಿ ಬರುವ ಲಾರಿಯಿಂದ ಕಾಯಲಾರದು. ಅದಕ್ಕೆ ತರಬೇತಿಯೇ ಬೇಕು. ಗುಂಡ್ಲುಪೇಟೆ, ಬೇಗೂರು, ಪುಣಜನೂರಿನಂಥ ಕಡೆ ವರ್ಷಕ್ಕೊಮ್ಮೆ ಅರ್ಧ ದಿನದ ಜಂಟಿ ಅಭ್ಯಾಸ, ಪ್ರತಿ ಗಸ್ತು ವಾಹನದಲ್ಲಿ ಕೋನ್‌ಗಳು ಮತ್ತು ಒಳ್ಳೆಯ ಜಾಕೆಟ್, ಪ್ರತಿ ಹೆದ್ದಾರಿ ಹೋಟೆಲಿನಲ್ಲಿ ಒಂದು ತ್ರಿಕೋನ ಮತ್ತು ಟಾರ್ಚ್: ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದು ಮುಂದಿನ ಮಳೆಗಾಲದೊಳಗೆ ಆಗುವ ಕೆಲಸ.